ಷೇರಿಗೊಂದು ಪಾಲು ನೀರು

ಕಂಪೆನಿ ಎಂದೊಡನೆ ನಮ್ಮ ಬೆಳೆಗಾರ ಬಂಧುಗಳಿಗೆ ನೆನಪಾಗುವುದು ಗೊಬ್ಬರದ ಕಂಪೆನಿ, ಇಲ್ಲವೇ ದೊಡ್ಡ ಎಸ್ಟೇಟಿನ ಕಂಪೆನಿ. ನೀರು ಹಂಚುವುದಕ್ಕೆಂದೇ ಒಂದು ಕಂಪೆನಿ, ಅದಕ್ಕೆ ರೈತರೇ ಒಡೆಯರು ಎಂದರೆ ಅಚ್ಚರಿಯಾದೀತು. ಅಮೆರಿಕದ ಐಡಾಹೊ ರಾಜ್ಯದ ಟ್ವಿನ್ ಫಾಲ್ಸ್ ಕಾಲುವೆ ಕಂಪೆನಿ ಅಂಥದ್ದು. ಅದರ ವ್ಯವಹಾರವನ್ನು ಓದಿ ತಿಳಿದಷ್ಟು ಇಲ್ಲಿ ಹೇಳುತ್ತೇವೆ.

ಆ ಸೀಮೆಯ ಮಳೆ ವರ್ಷಕ್ಕೆ ಸುಮಾರು 10 ಅಂಗುಲ. ನಮ್ಮ ಮಲೆನಾಡಿನಲ್ಲಿ ಜುಲೈ ತಿಂಗಳ ಒಂದು ಜೋರು ವಾರಕ್ಕೆ ಅಷ್ಟು ಸುರಿದುಬಿಡುತ್ತದೆ. ಪಕ್ಕದಲ್ಲೇ ಸ್ನೇಕ್ ನದಿ ಹರಿದರೂ ಅದು ಆಳವಾದ ಕಂದಕದಲ್ಲಿ. ಮೇಲಿನ ನೆಲ ಬೀಳುಬಿದ್ದಿತ್ತು. 1894ರ ಕೇರಿ ಕಾಯಿದೆಯ ಪ್ರಕಾರ ಖಾಸಗಿಯವರು ಬಂಡವಾಳ ಹಾಕಿ ಮಿಲ್ನರ್ ಎಂಬಲ್ಲಿ ಅಣೆ ಕಟ್ಟಿದರು. 1905ರಲ್ಲಿ ಕಾಲುವೆಗೆ ನೀರು ಬಂತು. ನೆಲಸಲು ಬಂದವರು ಎಕರೆ ಭೂಮಿಗೆ ಸರಕಾರಕ್ಕೆ ಕೊಟ್ಟದ್ದು ಅರ್ಧ ಡಾಲರ್, ಅದೇ ಎಕರೆಯ ನೀರಿನ ಹಕ್ಕಿಗೆ ಕೊಟ್ಟದ್ದು 25 ಡಾಲರ್! ಬೆಲೆ ಯಾವುದಕ್ಕೆಂದು ಅವರಿಗೆ ಮೊದಲ ದಿನವೇ ತಿಳಿದಿತ್ತು. ಮುಂದೆ ಕಾಲುವೆಯ ಒಡೆತನ ಷೇರುದಾರ ರೈತರ ಕೈಗೇ ಬಂತು.

ಲೆಕ್ಕ ಸರಳ. ಎಕರೆಗೊಂದು ಷೇರು, ಒಟ್ಟು ಸುಮಾರು 2 ಲಕ್ಷ. ಕರಾರಿನಂತೆ ಷೇರಿಗೆ ಒಂದು ಕ್ಯೂಸೆಕ್ಕಿನ 80ನೆಯ ಒಂದು ಪಾಲು, ಅಂದರೆ ದಿನಕ್ಕೆ ಸುಮಾರು 30 ಸಾವಿರ ಲೀಟರ್. ಹನಿ ನೀರಾವರಿಯಲ್ಲಿ ಅಡಿಕೆ ಮರಕ್ಕೆ ದಿನಕ್ಕೆ 16ರಿಂದ 20 ಲೀಟರ್ ಸಾಕೆನ್ನುತ್ತಾರೆ. 9 ಅಡಿ ಅಂತರದ ಎಕರೆ ತೋಟಕ್ಕೆ 11 ಸಾವಿರ ಲೀಟರ್ ಮೀರದು. ಅವರದು ಆಲೂಗಡ್ಡೆ, ಬೀನ್ಸ್, ಸಕ್ಕರೆ ಬೀಟು, ಕುದುರೆ ಮೆಂತೆ, ಒಣಗಾಳಿ ಬೇರೆ.

ನೀರು ಬಿಡಲು ಕಾಲುವೆಯ ಮೇಲೆ ಆಳುಗಳಿದ್ದಾರೆ, ನಮ್ಮ ಕೆರೆಗಳ ನೀರುಗಂಟಿಗಳಂತೆ. ಹಿಂದೆ ಕುದುರೆಯ ಮೇಲೆ ತಿರುಗುತ್ತಿದ್ದರು, ಈಗ ಮೋಟಾರಿನಲ್ಲಿ. ಹೆಚ್ಚು ಕಡಿಮೆ ಮಾಡಬೇಕಿದ್ದ ರೈತ ಮುಂಚಿತವಾಗಿ ತಿಳಿಸಬೇಕು. ಅವರು ಬಂದು ಅಳತೆ ನೋಡಿ ತೂಬು ಸರಿಪಡಿಸುತ್ತಾರೆ. ತೂಬಿನಿಂದಾಚೆಯ ಕಿರುಗಾಲುವೆಯ ಹೂಳೆತ್ತುವುದು ಅದರ ನೀರು ಪಡೆಯುವ ರೈತರ ಹೊಣೆ. ಜಗಳ ಹುಟ್ಟುವುದೂ ಅಲ್ಲೇ ಎಂದು ನಾವು ಬೇರೆ ಹೇಳಬೇಕಾಗಿಲ್ಲ.

ಮಿಲ್ನರ್ ಅಣೆ ನದಿಯ ನೀರನ್ನು ಕಾಲುವೆಗೆ ತಿರುಗಿಸುತ್ತದೆ, ಹೆಚ್ಚು ಕೂಡಿಡುವುದಿಲ್ಲ. ಕೂಡಿಡುವ ಜಾಗ ಮೇಲಿದೆ: ವಯೊಮಿಂಗ್ ರಾಜ್ಯದ ಜಾಕ್ಸನ್ ಸರೋವರ ಮತ್ತು 1927ರಲ್ಲಿ ಮುಗಿದ ಅಮೆರಿಕನ್ ಫಾಲ್ಸ್ ಜಲಾಶಯ. ಎರಡನೆಯದು ನಮ್ಮ ಲಿಂಗನಮಕ್ಕಿಯ ಅರ್ಧದಷ್ಟಿದೆ. ಅಣೆಕಟ್ಟುಗಳು ಕೇಂದ್ರ ಸರಕಾರದವು. ಒಳಗಿನ ಜಾಗದಲ್ಲಿ ಕಂಪೆನಿಗೆ ಕರಾರಿನ ಪಾಲು. ಹೀಗೆ ಕಂಪೆನಿಗೆ ಎರಡು ಖಾತೆ. ಒಂದು ನದಿಯ ಸಹಜ ಹರಿವಿನದು: 1900ರ ಅಕ್ಟೋಬರ್ 11ರ ತಾರೀಖಿನ 3,000 ಕ್ಯೂಸೆಕ್ಸ್ ಹಕ್ಕು. ಹರಿವು ತಗ್ಗಿದಾಗ ಹಳೆಯ ತಾರೀಖಿನವರಿಗೆ ಮೊದಲು, ಹೊಸಬರಿಗೆ ಆಮೇಲೆ. ಸಹಜ ಹರಿವು ಸಾಲದಾದಾಗ ಎರಡನೆಯ ಖಾತೆ, ಜಲಾಶಯದ ನೀರು. ಬೇಸಿಗೆಯಲ್ಲಿ ಬ್ಯಾಂಕಿನಿಂದ ತೆಗೆದಂತೆ ತೆಗೆಯುತ್ತಾರೆ; ತೆಗೆದಷ್ಟು ಕಳೆಯುತ್ತದೆ.

ತಾರೀಖಿನ ಈ ಜ್ಯೇಷ್ಠತೆ ಕಂಪೆನಿ ಕಂಪೆನಿಗಳ ನಡುವೆ ಮಾತ್ರ. ಒಂದೇ ಕಂಪೆನಿಯ ಒಳಗೆ ಕೊರತೆ ಎಲ್ಲರಿಗೂ ಸಮ. ಬರಗಾಲದಲ್ಲಿ ಷೇರಿನ ಪಾಲನ್ನು ಇಳಿಸಿದರೆ ಕಾಲುವೆಯ ತಲೆಯಲ್ಲಿರುವವನಿಗೂ ಬಾಲದಲ್ಲಿರುವವನಿಗೂ ಅಷ್ಟೇ ಇಳಿಯುತ್ತದೆ. ನಮಗೆ ಮೆಚ್ಚುಗೆಯಾದದ್ದು ಇದು. ಮೆಚ್ಚದ್ದೂ ಉಂಟು. ಇಂಥ ಕಂಪೆನಿಗಳಲ್ಲಿ ಸಾಮಾನ್ಯವಾಗಿ ಮತ ಷೇರಿನ ಲೆಕ್ಕದಲ್ಲಿ; ನೂರು ಎಕರೆಯವನ ಮಾತು ಹತ್ತು ಎಕರೆಯವನ ಹತ್ತರಷ್ಟು ತೂಗುತ್ತದೆ. ಸಹಕಾರ ಸಂಘದಲ್ಲಿ ಒಬ್ಬನಿಗೆ ಒಂದೇ ಮತ.

ಇಷ್ಟು ಅಚ್ಚುಕಟ್ಟಾದ ಲೆಕ್ಕವನ್ನೂ ಕೆಡಿಸಿದ್ದು ಕೊಳವೆಬಾವಿ. 1950ರ ಸುಮಾರಿನಿಂದ ಆ ಬಯಲಿನಲ್ಲಿ ಸಾವಿರಾರು ಬಾವಿಗಳು ಬಂದವು. ನೆಲದಡಿ ಬಿರುಕುಬಿಟ್ಟ ಲಾವಾ ಶಿಲೆ. ಅದರೊಳಗಿನ ನೀರೇ ಒರತೆಯಾಗಿ ನದಿಗೆ ಸೇರುತ್ತಿತ್ತು. ಪಂಪು ಎತ್ತಿದಂತೆ ಒರತೆ ತಗ್ಗಿತು, ನದಿಯೂ ತಗ್ಗಿತು. ಬಾವಿಯವನು ಕಾಲುವೆಯನ್ನು ಮುಟ್ಟಿದವನಲ್ಲ, ಆದರೂ ಕಾಲುವೆಯ ನೀರು ಹೋಯಿತು. 2005ರಲ್ಲಿ ಟ್ವಿನ್ ಫಾಲ್ಸ್ ಸೇರಿ ಏಳು ಕಾಲುವೆ ಸಂಸ್ಥೆಗಳು, ನಮ್ಮ ತಾರೀಖು ಹಳೆಯದು, ಬಾವಿಗಳನ್ನು ತಡೆಯಿರಿ ಎಂದು ರಾಜ್ಯ ಸರಕಾರವನ್ನು ಕೇಳಿದವು. ಹತ್ತು ವರ್ಷ ವ್ಯಾಜ್ಯ ನಡೆಯಿತು. 2015ರಲ್ಲಿ ರಾಜಿಯಾಗಿ, ಬಾವಿಯವರು ವರ್ಷಕ್ಕೆ 2,40,000 ಎಕರೆ-ಅಡಿ, ಅಂದರೆ ಹತ್ತು ಟಿ.ಎಂ.ಸಿ.ಗೂ ಮಿಕ್ಕಿ, ಕಡಿಮೆ ಎತ್ತಲು ಒಪ್ಪಿದರು. ಆ ರಾಜಿಯೂ ಗಟ್ಟಿಯಾಗಿ ನಿಲ್ಲಲಿಲ್ಲ; 2024ರಲ್ಲಿ ಮತ್ತೆ ಕುಳಿತು ಹೊಸ ಒಪ್ಪಂದ ಬರೆಯಬೇಕಾಯಿತು.