ತನ್ನಿಂದ ತನಗೇ ಒಂದು ಹಾದಿ

ಗಣಕಯಂತ್ರಕ್ಕೆ ಜೋಡಿಸಿದ ಜಾಲದ ತಂತಿಯನ್ನು ಕಿತ್ತು, ವೈಫೈಯನ್ನೂ ಆರಿಸಿ, ಬಳಿಕ 'ಪಿಂಗ್ ೧೨೭.೦.೦.೧' ಎಂಬ ಆಜ್ಞೆ ಕೊಟ್ಟು ನೋಡೋಣ. ಹೊರಜಗತ್ತಿನ ಸಂಪರ್ಕವೇ ಇಲ್ಲದಿದ್ದರೂ ಒಡನೆಯೇ ಉತ್ತರ ಬರುವುದು! ಉತ್ತರ ಕೊಟ್ಟುದು ಯಾವುದು? ಅದೇ ಯಂತ್ರ. ತಾನೇ ಕೇಳಿ ತಾನೇ ಉತ್ತರಿಸುವ ಈ ಹಾದಿಗೆ ಲೂಪ್‌ಬ್ಯಾಕ್ ಎಂದು ಹೆಸರು. ಕಾರ್ಯಾಚರಣ ವ್ಯವಸ್ಥೆಯ ತಿರುಳಾದ ಕರ್ನೆಲಿನಲ್ಲಿ ಇದಕ್ಕೆಂದೇ ಪ್ರತ್ಯೇಕವಾದ ಒಂದು ಜಾಲದ್ವಾರ, ಅಂದರೆ ಇಂಟರ್‌ಫೇಸ್, ಇರಬೇಕೆ?

ವಿದ್ಯಾರ್ಥಿಯೊಬ್ಬನು ತಾನು ರಚಿಸಿದ ವೆಬ್ ಪುಟವನ್ನು ತನ್ನ ಯಂತ್ರದಲ್ಲಿಯೇ ಪರೀಕ್ಷಿಸುವಾಗ, ಪುಟವನ್ನು ಒದಗಿಸುವ ಸರ್ವರೂ ಅದನ್ನು ತೋರಿಸುವ ಬ್ರೌಸರೂ ಒಂದೆಡೆಯೇ ಇರುವುವು. ಆದರೂ ಅವು ಮಾತನಾಡುವುದು ಜಾಲದ ಭಾಷೆಯಲ್ಲಿ. ಎದುರಿನ ಪ್ರೋಗ್ರಾಮು ಪಕ್ಕದಲ್ಲಿರುವುದೋ ಸಮುದ್ರದಾಚೆ ಇರುವುದೋ ಎಂಬ ಚಿಂತೆ ಅವಕ್ಕಿಲ್ಲ. ಆದುದರಿಂದ ಹೊರಟ ಪ್ಯಾಕೆಟ್ಟು ಒಳಗೇ ಮರಳುವ ಏರ್ಪಾಡು ಅವಶ್ಯವೆಂಬುದರಲ್ಲಿ ಸಂಶಯವಿಲ್ಲ. ಆ ಏರ್ಪಾಡು ಯಾವ ರೂಪದಲ್ಲಿರಬೇಕೆಂಬುದೇ ಪ್ರಶ್ನೆ.

ಅಂಚೆಕಚೇರಿಯೊಂದನ್ನು ನೆನೆಯೋಣ. ಅಲ್ಲಿ ಕಾಗದಗಳ ವಿಳಾಸವನ್ನೋದಿ ಊರಿಗೊಂದರಂತೆ ತೂಗುಹಾಕಿದ ಚೀಲಗಳಿಗೆ ಹಾಕುವರು. ಅದೇ ಊರಿಗೆ ಸೇರಿದ ಕಾಗದ ಬಂದರೆ? ಅದಕ್ಕೆಂದು ಬೇರೆ ಮೇಜು, ಬೇರೆ ನಿಯಮ, ಬೇರೆ ಲೆಕ್ಕದ ಪುಸ್ತಕ ಇಡಬಹುದು. ಇಲ್ಲವೆ 'ಈ ಊರು' ಎಂಬ ಇನ್ನೊಂದು ಚೀಲವನ್ನು ತೂಗುಹಾಕಬಹುದು. ಎರಡನೆಯ ಉಪಾಯದಲ್ಲಿ ವಿಂಗಡಿಸುವವನ ಕೆಲಸ ಎಳ್ಳಷ್ಟೂ ಬದಲಾಗದು.

ಲಿನಕ್ಸ್ ಕರ್ನೆಲಿನಲ್ಲಿ 'ಲೋ' ಎಂಬ ದ್ವಾರವೇ ಆ ಚೀಲ. ಅದರ ಹಿಂದೆ ತಂತಿಯೂ ಇಲ್ಲ, ಯಂತ್ರಭಾಗವೂ ಇಲ್ಲ. ತನಗೆ ಕೊಟ್ಟ ಪ್ಯಾಕೆಟ್ಟನ್ನು ಹೊರಗಿನಿಂದ ಬಂದುದೆಂಬಂತೆ ಸ್ವೀಕಾರದ ಸಾಲಿಗೆ ಸೇರಿಸುವುದಷ್ಟೇ ಅದರ ಕೆಲಸ. ಆದರೆ ದ್ವಾರದ ರೂಪ ತಳೆದುದರಿಂದ ಹಾದಿಯ ಪಟ್ಟಿ, ಫೈರ್‌ವಾಲ್ ಕಾವಲು, ಪ್ಯಾಕೆಟ್ಟುಗಳ ಎಣಿಕೆ, ಇವೆಲ್ಲ ಇತರ ದ್ವಾರಗಳಿಗೆ ಹೇಗೋ ಇದಕ್ಕೂ ಹಾಗೆಯೇ ಅನ್ವಯಿಸುವುವು. ಯಂತ್ರವು ತನ್ನದೇ ಈಥರ್ನೆಟ್ ವಿಳಾಸಕ್ಕೆ ಕಳುಹಿಸಿದ ಪ್ಯಾಕೆಟ್ಟು ಕೂಡ ತಂತಿಯನ್ನು ಮುಟ್ಟದೆ 'ಲೋ' ಮೂಲಕವೇ ಹಿಂತಿರುಗುವುದು.

ಇಂತಹ ದ್ವಾರವಿಲ್ಲದೆ ಕೆಲಸವೇ ಸಾಗದೆಂದಲ್ಲ. ವಿಂಡೋಸಿನ ಹಳೆಯ ಆವೃತ್ತಿಗಳು ಪ್ಯಾಕೆಟ್ಟನ್ನು ಒಳಗೊಳಗೇ ತಿರುಗಿಸುತ್ತಿದ್ದುವು. ಆದರೆ ಪ್ಯಾಕೆಟ್ಟುಗಳನ್ನು ಹಿಡಿದು ತೋರಿಸುವ ವಿನ್‌ಪಿಕ್ಯಾಪ್ ಎಂಬ ಸಾಧನಕ್ಕೆ ಅವು ಕಾಣಿಸುತ್ತಿರಲಿಲ್ಲ. ದೋಷ ಹುಡುಕುವವನು ಕತ್ತಲಲ್ಲಿ ತಡಕಾಡಬೇಕಾಗುತ್ತಿತ್ತು.

ಇದರಲ್ಲಿ ಭದ್ರತೆಯ ಮಾತೂ ಅಡಗಿದೆ. ೧೯೮೬ರಲ್ಲಿ ಪ್ರಕಟವಾದ ಅಂತರಜಾಲದ ಸಂಖ್ಯಾಪಟ್ಟಿಯು ೧೨೭ರಿಂದ ಮೊದಲಾಗುವ ೧,೬೭,೭೭,೨೧೬ ವಿಳಾಸಗಳನ್ನು ಲೂಪ್‌ಬ್ಯಾಕಿಗೆ ಮೀಸಲಿರಿಸಿ, ಅವುಗಳಿಗೆ ಕಳುಹಿಸಿದ ಪ್ಯಾಕೆಟ್ಟು ಯಾವ ಜಾಲದ ಮೇಲೂ ಕಾಣಿಸಕೂಡದೆಂದು ವಿಧಿಸಿತು. ಐಪಿಯ ಆರನೆಯ ಆವೃತ್ತಿಯಲ್ಲಿ ಇದಕ್ಕೆ ಒಂದೇ ವಿಳಾಸವನ್ನು ಇರಿಸಿದರು. ೧೨೭.೦.೦.೧ಕ್ಕೆ ಮಾತ್ರ ಕಿವಿಗೊಡುವ ದತ್ತಸಂಗ್ರಹವನ್ನು ಹೊರಗಿನವರು ಜಾಲದಿಂದ ನೇರವಾಗಿ ಮುಟ್ಟಲಾರರೆಂದು ನಾವು ನಂಬುವುದು ಈ ವಿಧಿಯ ಬಲದಿಂದಲೇ. ಇಂತಹ ವಿಳಾಸ ಹೊತ್ತು ಹೊರಗಿನಿಂದ ಬಂದ ಪ್ಯಾಕೆಟ್ಟನ್ನು ಕರ್ನೆಲ್ ತಿರಸ್ಕರಿಸದಿದ್ದರೆ ಆ ನಂಬಿಕೆ ಕುಸಿಯುವುದು. ಒಳಗಿನದು ಒಂದು ದ್ವಾರದಿಂದ, ಹೊರಗಿನದು ಇನ್ನೊಂದರಿಂದ ಬರುವಂತಿದ್ದರೆ ಈ ವಿಂಗಡಣೆ ಸುಲಭ.

ಆದುದರಿಂದ ಮರಳುವ ಕ್ರಿಯೆ ಅನಿವಾರ್ಯ. ದ್ವಾರದ ರೂಪ ಅನಿವಾರ್ಯವಲ್ಲ, ಆದರೆ ಅಪವಾದಗಳನ್ನು ತಪ್ಪಿಸುವ ಜಾಣತನ ಅದರಲ್ಲಿದೆ. ಸಂದೇಹವಿದ್ದವರು ಪ್ರಯೋಗಶಾಲೆಯ ಲಿನಕ್ಸ್ ಯಂತ್ರವೊಂದರಲ್ಲಿ, ಅನುಮತಿ ಪಡೆದು, 'ಲೋ' ದ್ವಾರವನ್ನು ಮುಚ್ಚಿ ನೋಡಬಹುದು. ತಂತಿ ಜೋಡಿಸಿದ್ದರೂ ಮೊದಲಿನ ಪಿಂಗ್‌ಗೆ ಉತ್ತರ ಬಾರದು. ನೋಡಿದ ಮೇಲೆ ದ್ವಾರವನ್ನು ಮತ್ತೆ ತೆರೆಯಲು ಮರೆಯಬಾರದು.