ಕರುವಿಗೆ ಗಿಣ್ಣದ ಹಾಲು, ಮಗುವಿಗೆ ಅಂಗನವಾಡಿ



ಕರು ಹುಟ್ಟಿದ ಒಂದೆರಡು ತಾಸಿನೊಳಗೆ ಗಿಣ್ಣದ ಹಾಲು ಕುಡಿಸಬೇಕೆಂದು ನಿಮಗೆ ಯಾರೂ ಹೇಳಿಕೊಡಬೇಕಿಲ್ಲ. ಆ ಹೊತ್ತು ತಪ್ಪಿದರೆ ಮುಂದೆ ಎಷ್ಟು ಹಿಂಡಿ ಹಾಕಿದರೂ ಆ ನಷ್ಟ ತುಂಬುವುದು ಕಷ್ಟ. ಮಕ್ಕಳ ಕಲಿಕೆಗೂ ಇಂಥದೊಂದು ಹೊತ್ತಿದೆ. ಮಿದುಳಿನ ಬೆಳವಣಿಗೆಯ ಶೇ. 85ಕ್ಕೂ ಹೆಚ್ಚು ಭಾಗ ಆರು ವರ್ಷದೊಳಗೇ ಆಗುತ್ತದೆ ಎನ್ನುತ್ತದೆ 2020ರ ರಾಷ್ಟ್ರೀಯ ಶಿಕ್ಷಣ ನೀತಿ.

ಈ ವಯಸ್ಸಿನ ಮಕ್ಕಳಿಗಾಗಿ ಸರ್ಕಾರ ಹಾಕುವ ಹಣ ವಸೂಲಾಗುತ್ತದೆಯೇ? ಸಂಶೋಧಕರು ಲೆಕ್ಕ ಹಾಕಿ ನೋಡಿದ್ದಾರೆ.

ಅಮೆರಿಕದ ಮಿಶಿಗನ್ ರಾಜ್ಯದಲ್ಲಿ 1962ರಲ್ಲಿ ಶುರುವಾದ ಅಧ್ಯಯನಕ್ಕೆ 123 ಬಡ ಮಕ್ಕಳನ್ನು ಆರಿಸಿದರು. ಒಂದು ಗುಂಪಿಗೆ ಒಳ್ಳೆಯ ಶಿಶುವಿಹಾರ ಸಿಕ್ಕಿತು, ಇನ್ನೊಂದಕ್ಕೆ ಸಿಗಲಿಲ್ಲ. ನಲವತ್ತನೇ ವಯಸ್ಸಿನಲ್ಲಿ ನೋಡಿದಾಗ ಶಿಶುವಿಹಾರಕ್ಕೆ ಹೋದವರ ದುಡಿಮೆ ಹೆಚ್ಚಿತ್ತು, ಅಪರಾಧಕ್ಕೆ ಸಿಲುಕಿದವರು ಕಡಿಮೆ ಇದ್ದರು. ಹಾಕಿದ ಹಣಕ್ಕೆ ಸಮಾಜಕ್ಕೆ ವರ್ಷಕ್ಕೆ ಶೇ. 7ರಿಂದ 10ರಷ್ಟು ಲಾಭ ಬಂದಿದೆ ಎಂದು ನೊಬೆಲ್ ಪುರಸ್ಕೃತ ಅರ್ಥಶಾಸ್ತ್ರಜ್ಞ ಜೇಮ್ಸ್ ಹೆಕ್‌ಮನ್ ಅಂದಾಜಿಸಿದರು.

ಅದು ದೂರದ ದೇಶದ ಮಾತು ಎನ್ನಬೇಡಿ. ಪಕ್ಕದ ತಮಿಳುನಾಡಿನಲ್ಲಿ 320 ಅಂಗನವಾಡಿಗಳಲ್ಲಿ ಅಧ್ಯಯನ ನಡೆಯಿತು. ಅರ್ಧದಷ್ಟು ಕೇಂದ್ರಗಳಿಗೆ ಪಾಠಕ್ಕೆಂದೇ ಅರ್ಧ ದಿನದ ಇನ್ನೊಬ್ಬ ಕಾರ್ಯಕರ್ತೆಯನ್ನು ಕೊಟ್ಟರು. ಪಾಠದ ಸಮಯ ದುಪ್ಪಟ್ಟಾಯಿತು. ಒಂದೂವರೆ ವರ್ಷದಲ್ಲಿ ಮಕ್ಕಳು ಲೆಕ್ಕದಲ್ಲೂ ಭಾಷೆಯಲ್ಲೂ ಮುಂದೆ ಬಂದರು, ತೀವ್ರ ಅಪೌಷ್ಟಿಕತೆಯೂ ತಗ್ಗಿತು. ಖರ್ಚಿನ 13ರಿಂದ 21 ಪಟ್ಟು ಲಾಭ ಮುಂದೆ ಬರಬಹುದೆಂದು ಸಂಶೋಧಕರ ಅಂದಾಜು.

ನಮ್ಮ ರಾಜ್ಯಕ್ಕೂ ಇದು ಹೊಸದಲ್ಲ. 1975ರಲ್ಲಿ ಅಂಗನವಾಡಿ ಯೋಜನೆ ದೇಶದಲ್ಲಿ ಆರಂಭವಾದಾಗ ಮೈಸೂರು ಜಿಲ್ಲೆಯ ಟಿ. ನರಸೀಪುರವೂ ಅದರಲ್ಲಿತ್ತು. 2013ರಿಂದ ಕ್ಷೀರಭಾಗ್ಯದಡಿ ಅಂಗನವಾಡಿ ಮಕ್ಕಳೂ ಹಾಲು ಕುಡಿಯುತ್ತಿದ್ದಾರೆ. ನೀವು ಡೇರಿಗೆ ಹಾಕಿದ ಹಾಲೇ ಪುಡಿಯಾಗಿ ಅಲ್ಲಿಗೆ ಹೋಗುತ್ತದೆ.

ಆದರೆ ಹಾಲು, ಊಟದಷ್ಟೇ ಅಲ್ಲಿ ಹಾಡು, ಕಥೆ, ಆಟವೂ ಮುಖ್ಯ. ಕುಕ್ಕುವಾಡದಂಥ ಊರಿನಲ್ಲಿ ಹಾಲು ಹಾಕಿ ಗದ್ದೆಗೆ ಓಡುವ ಅವಸರ ನಮಗೆ ಗೊತ್ತು. ಆದರೂ ಮಗುವನ್ನು ಊಟದ ಹೊತ್ತಿಗೆ ಮಾತ್ರವಲ್ಲ, ಬೆಳಿಗ್ಗೆಯೇ, ದಿನವೂ ಕಳಿಸಿ. ವಾರಕ್ಕೊಮ್ಮೆ ಒಳಗೆ ಹೋಗಿ ಏನು ಕಲಿಸಿದರೆಂದು ಕೇಳಿ. ಆಟಿಕೆ, ಶೌಚಾಲಯ, ಕುಡಿಯುವ ನೀರು ಇಲ್ಲದಿದ್ದರೆ ಬಾಲವಿಕಾಸ ಸಮಿತಿಯಲ್ಲೂ ಗ್ರಾಮಸಭೆಯಲ್ಲೂ ಮಾತೆತ್ತಿ. ಸಂಘದ ಸಭೆಯಲ್ಲಿ ಫ್ಯಾಟಿನ ಲೆಕ್ಕ ಕೇಳುವ ನಿಮಗೆ ಈ ಲೆಕ್ಕ ಕೇಳುವುದು ಕಷ್ಟವೇನಲ್ಲ.