ಹೊಗೆಸೊಪ್ಪಿನ ರಾಶಿಯೂ ಶಾಖದ ಲೆಕ್ಕವೂ

ಅಮೆರಿಕ, ಯೂರೋಪುಗಳಲ್ಲಿ ಹಿತ್ತಿಲಲ್ಲಿಯೇ ಹೊಗೆಸೊಪ್ಪನ್ನು ಬೆಳೆದು, ಒಣಗಿಸಿ, ಹುದುಗಲು ಇಡುವ ಹವ್ಯಾಸಿಗಳುಂಟು. ತಿಂಗಳುಗಟ್ಟಲೆ ಕಾದ ಮೇಲೆ ಎಷ್ಟೋ ಮಂದಿಗೆ ದೊರೆಯುವುದು ಒಣಹುಲ್ಲಿನ ವಾಸನೆ ಮಾತ್ರ. ಬೀಜವನ್ನೋ ಮಣ್ಣನ್ನೋ ದೂರುವ ಮೊದಲು ನಾವು ಎಲೆಯ ಬಣ್ಣವನ್ನು ನೋಡೋಣ.

ಹಸಿರು ಉಳಿದಿದ್ದರೆ ಎಲೆ ಅವಸರದಲ್ಲಿ ಒಣಗಿರಬೇಕು. ಕೊಯ್ದ ಎಲೆ ಕೂಡಲೇ ಸಾಯುವುದಿಲ್ಲ. ಕೆಲವು ದಿನ ಉಸಿರಾಡುತ್ತ ಪಿಷ್ಟವನ್ನು ಸಕ್ಕರೆಯಾಗಿಸಿ ವ್ಯಯಿಸುತ್ತದೆ, ಅದರ ಪತ್ರಹರಿತ್ತು ಒಡೆಯುತ್ತದೆ. ಅಷ್ಟರೊಳಗೆ ನೀರು ಆರಿಹೋದರೆ ಮುಂದಿನ ಯಾವ ಉಪಚಾರವೂ ಅದನ್ನು ಪೂರ್ತಿಯಾಗಿ ಸರಿಪಡಿಸಲಾರದು.

ಎಲೆ ಕಂದಾಗಿಯೂ ಸಪ್ಪೆಯಾಗಿದ್ದರೆ ಪ್ರಶ್ನೆ ಭೌತವಿಜ್ಞಾನದ್ದು. ಕ್ಯೂಬಾದಲ್ಲಿ ಚುಟ್ಟದ ಸೊಪ್ಪನ್ನು ತೇವಗೊಳಿಸಿ ದೊಡ್ಡ ರಾಶಿಗಳಾಗಿ ಒಟ್ಟುತ್ತಾರೆ. ಒಳಗಿನ ರಾಸಾಯನಿಕ ಕ್ರಿಯೆಯಿಂದ ರಾಶಿ ತಾನಾಗಿಯೇ ಬಿಸಿಯೇರುತ್ತದೆ; ಮಿತಿಮೀರದಂತೆ ಅದನ್ನು ಬಿಚ್ಚಿ ಮತ್ತೆ ಒಟ್ಟುತ್ತಾರೆ. ಅಮೋನಿಯ ಹೊರಬೀಳುತ್ತದೆ, ಹಳದಿ ವರ್ಣದ್ರವ್ಯಗಳು ಒಡೆದು ಪರಿಮಳದ್ರವ್ಯಗಳಾಗುತ್ತವೆ. (ಪರಿಮಳ ಬಂದ ಮಾತ್ರಕ್ಕೆ ನಿಕೋಟಿನ್ನಿನ ವಿಷ ಹೋಗುವುದಿಲ್ಲ, ನಮಗೆ ಬೇಕಾದುದು ಶಾಖದ ಲೆಕ್ಕವಷ್ಟೆ.)

ಶಾಖ ಹುಟ್ಟುವುದು ರಾಶಿಯ ಘನಗಾತ್ರದಲ್ಲಿ, ಸೋರುವುದು ಮೇಲ್ಮೈಯಲ್ಲಿ. 2 ಮೀಟರ್ ಅಂಚಿನ ಘನಾಕೃತಿಗಿಂತ 20 ಸೆಂಟಿಮೀಟರ್ ಅಂಚಿನದಕ್ಕೆ, ಪ್ರತಿ ಕಿಲೋಗ್ರಾಂ ಸೊಪ್ಪಿಗೆ, ಹತ್ತು ಪಟ್ಟು ಮೇಲ್ಮೈ! ಹಿತ್ತಿಲಿನ ಪುಟ್ಟ ಕಟ್ಟು ಬಿಸಿಯಾಗುವುದೆಂತು?

ಆದುದರಿಂದ ಶಾಖವನ್ನು ಹೊರಗಿನಿಂದಲೇ ಒದಗಿಸಬೇಕು. ಶಾಖ ಸೋರದ ಪೆಟ್ಟಿಗೆಯಲ್ಲಿ ಸುಮಾರು 50 ಡಿಗ್ರಿ ಸೆಂಟಿಗ್ರೇಡ್ ಉಷ್ಣತೆ, ಶೇಕಡಾ 70ರಿಂದ 75ರಷ್ಟು ಸಾಪೇಕ್ಷ ಆರ್ದ್ರತೆ, ನಾಲ್ಕರಿಂದ ಆರು ವಾರ: ಹವ್ಯಾಸಿಗಳು ಅನುಸರಿಸುವ ಕ್ರಮವಿದು. ಸೊಪ್ಪು ಒಣಗಿದರೆ ಕ್ರಿಯೆ ನಿಲ್ಲುತ್ತದೆ. ತೇವವಿದ್ದು ಶಾಖ ತಗ್ಗಿದರೆ ಬೂಷ್ಟು ಹಿಡಿಯುತ್ತದೆ.